ಬಿಗಿ ಹಿಡಿ

ಬಿಲಾಲ, ಆ ಮೊಬೈಲಿನ ಬೆಳಕು ಬಂದ್ ಮಾಡಪಾ ಮೊದಲ. ಕರೆಂಟ್ ಇನ್ನೊಂದು ತಾಸು ಬರಂಗಿಲ್ಲ. ಕೂಡ್ರಿ ಎಲ್ಲಾರೂ. ದಿನಾ ನನ್ನ ಜೀವ ತಿಂತೀರಿ, ಕಲ್ಲೇಶಾ, ನಿನ್ನ ಅಂಗಡಿಗೆ ನವಾಜ ಯಾಕ ಬರವಲ್ಲ, ಮೂವತ್ತು ವರ್ಷದ ದೋಸ್ತಿ ಒಂದ ದಿನದಾಗ ಯಾಕ ಮುರೀತು ಅಂತ. ಇವತ್ತ ಹೇಳ್ತೇನಿ. ಪೂರಾ ಕೇಳ್ರಿ. ಕೇಳಿ ನೀವ ಹೇಳ್ರಿ, ತಪ್ಪು ಅಂವಂದೋ ನಂದೋ. ನಡುವ ಯಾರರ ನಕ್ಕರ ನಾಳಿಂದ ಅವರ ಗಡ್ಡಾ ಅವರ ಕೆರಕೋಬೇಕು, ನನ್ನ ಕುರ್ಚಿ ಹತ್ತಿಸಂಗಿಲ್ಲ.

ನವಾಜನ ಕೆಲಸ ನಿಮಗ ಗೊತ್ತೈತಿ. ಗೊತ್ತಿಲ್ಲದವರು ಕೇಳ್ರಿ. ಸಾಣಿ ಹಿಡಿಯೋರು ಊರಿಗೆ ನಾಕು ಮಂದಿ ಸಿಗ್ತಾರ. ಇಂವಂದು ಹಿಡಿ ಕೆಲಸ. ಕ್ಷೌರದ ಕತ್ತಿ ದಿನಾ ತೆಗದು ಮಡಚಿ, ತೆಗದು ಮಡಚಿ, ಅಲಗೂ ಹಿಡೀನೂ ಕೂಡೋ ಕಡಿ ಒಂದು ಸಣ್ಣ ಮೊಳಿ ಇರತೈತಿ ನೋಡ್ರಿ, ಅದು ಸವೀತೈತಿ. ಅಲಗು ಅತ್ಲಾಗ ಇತ್ಲಾಗ ಅಳ್ಳಾಡತೈತಿ. ಅಂಥಾ ಕತ್ತಿ ಒಬ್ಬರ ಗಂಟಲಮ್ಯಾಲ ಇಡಾಕ ಬರತೈತೇನು? ಅದಕ್ಕ ನಾವು 'ಹಿಡಿ ಬಿಟ್ಟೈತಿ' ಅಂತೇವಿ. ಈಗ ಎಲ್ಲಾರೂ ಬ್ಲೇಡ್ ಹಾಕೋ ಕತ್ತಿ ತಂದಾರ ಖರೆ. ಅದಕ್ಕೂ ಹಿಡಿ ಐತಿ, ಅದೂ ಬಿಡತೈತಿ.

ನವಾಜ ಏನು ಮಾಡ್ತಾನಂದ್ರ, ಒಂದು ಉಕ್ಕಿನ ತುಂಡಿನಮ್ಯಾಲ ಆ ಮೊಳಿ ಇಟ್ಟು, ಬೆರಳಷ್ಟು ಸುತ್ತಿಗಿಲೇ ಟಿಕ್... ಟಿಕ್... ಟಿಕ್... ಮೊಳಿ ತಲಿ ಸುತ್ತ ಬಡಕೋತ ಹೋಗ್ತಾನ. ಜೋರ ಬಡದ್ರ ಹಿಡಿ ಸೀಳತೈತಿ. ಹಗರ ಬಡದ್ರ ಹಂಗ ಅಳ್ಳಾಡತೈತಿ. ಅಲಗು ಅರ್ಧ ತೆಗದು ಕೈ ಬಿಟ್ರ ಅಲ್ಲೇ ನಿಲ್ಲಬೇಕು, ಬೀಳಬಾರದು. ಅವರಪ್ಪ ಅಹ್ಮದಸಾಬ ಕಲಿಸಿದ ಕೆಲಸ. ಅವರ ಮನಿತನದಾಗ ಒಂದು ಕಟ್ಟಳಿ ಐತಿ: ಕೈಯಾಗ ತಗೊಂಡ ಕತ್ತಿ ಬಿಗಿ ಆಗೂತನಕ ಕೆಳಗ ಇಡಬಾರದು. ಮಳಿ ಬರ್ಲಿ, ಊಟಾ ತಪ್ಪಲಿ, ಇಡಂಗಿಲ್ಲ. ಈ ಹಟಾನ ಅಂವನ್ನ ಸಿಗಸ್ತು.

ಹೋದ ತಿಂಗಳ ಮಾತಿದು. ರಾಮಥಾಳದಾಗ ನೀಲಪ್ಪಜ್ಜ ಅಂತ ನಮ್ಮ ಕಸಬಿನ ಹಿರ್ಯಾ ಅದಾನ. ಅಂವನ ಕತ್ತಿ ರಿಪೇರಿಗೆ ನವಾಜ ಹೋಗಿದ್ದ. ಬೆಳಿಗ್ಗೆ ಹೋಗುವಾಗ ನನ್ನ ನಾಕು ಕತ್ತೀನೂ ಚೀಲದಾಗ ಹಾಕ್ಕೊಂಡು ಹೋದ. ಎಲ್ಲಾ ಅಲ್ಲೇ ಕೂತು ಮುಗಿಸ್ಯಾನ. ಮುದುಕ ರೊಟ್ಟಿ ತಿನ್ನು ಅಂದ, ಮಾತಿಗೆ ಮಾತು ಬೆಳೀತು, ಕಡೀ ಬಸ್ಸು ಹೋತು.

"ಇಲ್ಲೇ ಮಲಕೊಳ್ಳೋ ನವಾಜ" ಅಂದಾನ ನೀಲಪ್ಪಜ್ಜ.

"ಬ್ಯಾಡ್ರಿ ಅಜ್ಜಾರ. ಮನ್ಯಾಗ ಹೇಣ್ತಿ ಖುಶನುಮಾ ಕಾಯ್ತಾಳ. ದೊಡ್ಡ ರಸ್ತೆಗೆ ಹೋದ್ರ ಯಾವುದರ ಗಾಡಿ ಸಿಗತೈತಿ" ಅಂದು ಹೊಂಟ.

ಆ ಹಾದ್ಯಾಗ ಒಂದು ಮೆಟ್ಟಲ ಬಾವಿ ಐತಿ. ಹೊಲಕ್ಕ ಪೈಪಿನ ನೀರು ಬಂದಮ್ಯಾಲ ಅದರ ಕಡಿ ಯಾರೂ ಹೊಳ್ಳಿ ನೋಡಂಗಿಲ್ಲ. ಸುತ್ತ ಜಾಲಿ ಬೆಳದೈತಿ. ಇಪ್ಪತ್ತಾರು ಮೆಟ್ಟಲ ಅದಾವು, ಕೆಳಗಿನ ಒಂಬತ್ತು ಯಾವಾಗ್ಲೂ ನೀರಾಗ. ನನಗ ಹೆಂಗ ಗೊತ್ತು ಅಂತ ಈಗ ಕೇಳಬ್ಯಾಡ್ರಿ.

ಅಂವ ಬಾವಿ ಹತ್ರ ಬಂದಾಗ ಜೀರುಂಡಿ ಒದರೋದು ಒಮ್ಮೆಲೆ ನಿಂತೈತಿ. ಒಂದ ಸಪ್ಪಳ. ತೊಟ್... ತೊಟ್... ಒದ್ದಿ ಅರಬಿಯಿಂದ ಕಲ್ಲಿನಮ್ಯಾಲ ನೀರು ಬೀಳೋ ಸಪ್ಪಳ. ಆಮ್ಯಾಲ ಬರಿಗಾಲು ಕಲ್ಲಿಗೆ ತಿಕ್ಕಿದಂಗ... ಸರ್ರ್...

"ಹಿಡಿ..."

ನವಾಜ ನಿಂತ. "ಯಾರ್ರಿ?"

"ಹಿಡಿ ಬಿಟ್ಟ..."

ಮಾತಿನ ಬಾಲ ಕೇಳ್ಲಿಲ್ಲ. ನೋಡಿದ್ರ, ಮ್ಯಾಲಿನ ಮೆಟ್ಟಲಮ್ಯಾಲ ಒಬ್ಬ ಕುಕ್ಕರಗಾಲಿಲೇ ಕೂತಾನ. ತಲಿ ಮೊಣಕಾಲಾಗ. ಯಾರೋ ಕುಳ್ಳ ಮನಿಷ್ಯಾ ಅಂದ್ಕೊಂಡ. ಪಿಸುಮಾತಿಗೆ ವಯಸ್ಸು ಗೊತ್ತಾಗಂಗಿಲ್ಲಲ್ಲ, ಮುದುಕನ ಇರಬೇಕು ಅಂದ್ಕೊಂಡ. ಬೇರೆ ಯಾರರ ಇದ್ರ ಅಲ್ಲಿಂದ ಕಾಲು ಕೀಳತಿದ್ರು. ಇಂವಾ ಬೆಳಿಗ್ಗಿಂದ ಇದ ಮಾತು ಕೇಳಕೋತ ಕೂತಾಂವ. ಹಿಡಿ ಬಿಟ್ಟೈತಿ, ಹಿಡಿ ಬಿಟ್ಟೈತಿ. ಯಾರೋ ಬಡಪಾಯಿ ಗಿರಾಕಿ, ತಾ ರಾಮಥಾಳಕ್ಕ ಬಂದದ್ದು ಕೇಳಿ ಹಾದಿ ಕಾಯ್ದಾನ ಅಂತ ತಿಳದ.

"ಇಷ್ಟೊತ್ತಿನ್ಯಾಗ ಏನ್ರಿ ಯಜಮಾನ್ರ? ನಾಳೆ ಹುನಗುಂದಕ್ಕ ಬರ್ರಿ."

"ಹಿಡಿ..."

"ಆತು, ಕೊಡ್ರಿ ಹಂಗಾರ" ಅಂದು ಬಲಗೈ ಚಾಚಿದ.

ಕೈಯಾಗ ಒಂದು ತಣ್ಣನ ಕತ್ತಿ ಬಂತು. ಕರೇ ಕೋಡಿನ ಹಿಡಿ. ಒದ್ದಿ. ಅಲಗು ಲಟಕ್ ಅಂತ ತಾನ ಬಿಚ್ಚಿಕೊಂತು. ಇಷ್ಟು ಸಡಿಲ ಆದ ಕತ್ತಿ ಅಂವ ಜನ್ಮದಾಗ ನೋಡಿರ್ಲಿಲ್ಲಂತ. ಚಪ್ಪಲಿ ಬಿಟ್ಟು, ಮ್ಯಾಲಿನ ಮೆಟ್ಟಲಮ್ಯಾಲ ಕೂತ. ಚೀಲದಮ್ಯಾಲ ಮೊಬೈಲ್ ಬ್ಯಾಟರಿ ಹಚ್ಚಿ ಇಟ್ಟ. ಉಕ್ಕಿನ ತುಂಡು ಕಲ್ಲಿನಮ್ಯಾಲ. ಸುತ್ತಿಗಿ ಎಡಗೈಯಾಗ. ಅಂವ ಎಡಚ ಅಂತ ನಿಮಗ ಗೊತ್ತಲ್ಲ, ಬಲಗೈಲೇ ಕತ್ತಿ ಹಿಡೀತಾನ.

ಟಿಕ್... ಟಿಕ್... ಟಿಕ್...

ಅರ್ಧ ತೆಗದು ನೋಡಿದ. ಲಟಕ್. ಬಿತ್ತು.

"ಮೊಳಿ ಭಾಳ ಸವದೈತ್ರಿ" ಅಂದ. ತೊಟ್... ತೊಟ್... ನೀರು ಬೀಳಾಕತ್ತಿತ್ತು ಅಷ್ಟ.

ಮತ್ತ ಬಡದ. ಮತ್ತ ತೆಗದ. ಲಟಕ್.

ಬೆವರು ಒರೆಸ್ಕೊಳ್ಳಾಕ ತಲಿ ಎತ್ತಿದಾಗ ಮೊದಲ ಸಲ ನೋಡ್ಯಾನ. ಚಪ್ಪಲಿ ಪಕ್ಕಕ್ಕಿಲ್ಲ. ಮೂರು ಮೆಟ್ಟಲ ಮ್ಯಾಲ ಅದಾವು. ಚೀಲಾನೂ ಬ್ಯಾಟರೀನೂ ಅಂವನ ಪಕ್ಕಕ್ಕ ಅದಾವು, ಉಕ್ಕಿನ ತುಂಡೂ ಐತಿ. ಚಪ್ಪಲಿ ಮಾತ್ರ ಮ್ಯಾಲ. ತಾ ಯಾವಾಗ ಸರದೆ ಅಂತ ಅಂವಗ ನೆನಪಿಲ್ಲ. ಮಟ್ಟಸ ಕಲ್ಲು ಹುಡುಕ್ಕೋತ ಇಳದಿರಬೇಕು ಅಂತ ತನಗ ತಾನ ಸಮಾಧಾನ ಹೇಳ್ಕೊಂಡ.

"ಬಿಗಿ ಹಿಡಿ..." ಅಂತು ಅದು.

"ಬಿಗೀನ ಮಾಡಿ ಕೊಡ್ತೇನ್ರಿ, ಅವಸರ ಮಾಡಬ್ಯಾಡ್ರಿ. ನಮ್ಮ ಕೈಯಾಗ ಬಂದದ್ದು ಸಡಿಲ ಹೋಗಂಗಿಲ್ಲ" ಅಂದಾನ ಈ ಶಾಣ್ಯಾ. ನನಗ ಸಿಟ್ಟು ಬರೋದು ಇಲ್ಲೇ. ಲೇ, ಮೂರು ಮೆಟ್ಟಲ ಜಾರೀದಿ, ಎದ್ದು ಓಡ್ಬಾರದಾ? ಇಲ್ಲ. ಅವರಪ್ಪನ ಕಟ್ಟಳಿ.

ಟಿಕ್... ಟಿಕ್...

ಲಟಕ್.

ಟಿಕ್... ಟಿಕ್... ಟಿಕ್...

ಲಟಕ್.

ಎರಡನೇ ಸಲ ತಲಿ ಎತ್ತಿದಾಗ ಚಪ್ಪಲಿ ಕಾಣಲಿಲ್ಲ. ಎರಡೂ ಕಡಿ ಗ್ವಾಡಿ ಎದ್ದು ನಿಂತಿದ್ದು. ಮ್ಯಾಲ ರೊಟ್ಟಿ ಹಂಚಿನಷ್ಟು ಆಕಾಶ. ಕೆಳಗ ಕಾಲಿನ ಬೆರಳಿಗೆ ತಣ್ಣಗ ಏನೋ ತಾಗ್ತು. ನೀರು.

ಆವಾಗ ಅಂಜಿಕಿ ಬಂತು. ಕಟ್ಟಳಿ ಸುಡ್ಲಿ, ಕತ್ತಿ ಇಟ್ಟು ಓಡೋಣಂತ ಕೈ ಬಿಚ್ಚಾಕ ಹೋದ. ಬೆರಳು ಬಿಚ್ಚಲಿಲ್ಲ. ಎಡಗೈಲೇ ಒಂದೊಂದ ಬೆರಳು ಕೀಳಾಕ ನೋಡಿದ. ಆಗ್ಲಿಲ್ಲ. ಅಷ್ಟರಾಗ ಮೊಬೈಲ್ ಎರಡು ಸಲ ಮಿಣಕ್ ಅಂದು ಆರಿತು.

ಆ ಕತ್ತಲಾಗ... ಕೈಯಾಗಿನ ಕೋಡಿನ ಹಿಡಿ ಮೆತ್ತಗ ಆತಂತ. ಕೋಡು ಅಲ್ಲ ಅದು. ಬೆರಳು. ಸಣ್ಣ ಸಣ್ಣ ಐದು ಬೆರಳು, ಇಂವನ ಮುಂಗೈ ಸುತ್ತ.

"ಹಿಡಿ... ಬಿಗಿ ಹಿಡಿ..."

ನವಾಜಗ ಆವಾಗ ತಿಳೀತು. ಅದು ಕತ್ತಿ ಹಿಡಿ ಮಾತು ಅಲ್ಲ. ಮೊದಲಿಂದ ಅದು ಕತ್ತಿ ಮಾತು ಆಡಿದ್ದ ಇಲ್ಲ. ಕೈ ಹಿಡಿ ಅನ್ನಾಕತ್ತೈತಿ. ಬಿಗಿಯಾಗಿ ಹಿಡಿ, ಬಿಡಬ್ಯಾಡ ಅನ್ನಾಕತ್ತೈತಿ. ಇಂವ ಗಿರಾಕಿ ಅಂತ ತಿಳದು, ತಾನ ಕೈ ಚಾಚಿ ಕೊಟ್ಟಾನ.

ಕೂಗಿದ. ಕೂಗು ಗ್ವಾಡಿಗೆ ಬಡದು ಅಂವನ ಕಿವಿಗೇ ಬಂತು. ಕಾಲು ಕಲ್ಲಿಗೆ ಊರಿ ಹಿಂದಕ್ಕ ಜಗ್ಗಿದ. ಪಾಚಿ, ಕಾಲು ನಿಲ್ಲವಲ್ದು. ನೀರು ಮೊಣಕಾಲಿಗೆ ಬಂತು. ಅದು ಜಗ್ಗಿದ್ದು ಜೋರಲೇನೂ ಅಲ್ಲಂತ. ಸಂತ್ಯಾಗ ಕೂಸು ಕೈ ಹಿಡ್ಕೊಂಡು ಜಗ್ಗತೈತಲ್ಲ, ಅಷ್ಟ. ಆದ್ರ ಬಿಡವಲ್ದು. ನೀರು ನಡಕ್ಕ ಬಂತು. ಖುಶನುಮಾನ ಮಾರಿ ಕಣ್ಣಮುಂದ ಬಂತಂತ. ದೇವರ ಹೆಸರು ಹೇಳಾಕ ಬಾಯಿ ತೆಗದ್ರ ಹಲ್ಲು ಕಟ್ ಕಟ್ ಕಟ್ ಅಂತ ಬಡದು ಮಾತು ಹೊಂಡವಲ್ದು.

ಕಿವಿ ಹತ್ರ ಬಂದು ಅಂತು. ಈ ಸಲ ಬಾಲ ಪೂರಾ ಕೇಳ್ತು.

"ಹಿಡಿ ಬಿಟ್ಟಿ... ನೀ ಬಿಟ್ಟಿ..."

"ನಾ ಅಲ್ಲಪಾ!" ಅಂತ ಒದರ್ಯಾನ. "ನಾ ಯಾರ ಕೈನೂ ಬಿಟ್ಟಾಂವ ಅಲ್ಲ! ನಾ ಬರೇ ಕತ್ತಿ ರಿಪೇರಿ ಮಾಡಾಂವ. ಚೀಲದಾಗ ಕಲ್ಲೇಶನ ಕತ್ತಿ ಅದಾವು, ಬೆಳಿಗ್ಗೆ ಮುಟ್ಟಸ್ಬೇಕು, ಬಿಡು ನನ್ನ..."

ನೀರಿನ ಸಪ್ಪಳ ನಿಂತಿತು.

ಆಮ್ಯಾಲ ಪಿಸುದನಿ...

"ಕಲ್ಲಣ್ಣ?"

"ಹೂಂ, ಹೂಂ! ಕಲ್ಲೇಶ! ಹುನಗುಂದದಾಗ ಬಸ್‌ಸ್ಟ್ಯಾಂಡಿನ ಹಿಂದ ಅಂಗಡಿ. ಹಸರ ಬಾಗಿಲ. ಮಂಗಳವಾರ ಸೂಟಿ" ಅಂದಾನ.

ಕೇಳಿದ್ರೆಲ್ಲ? ಪೂರಾ ವಿಳಾಸ ಕೊಟ್ಟಾನ ಮಗಾ. ಪಿನ್‌ಕೋಡ್ ಒಂದ ಬಿಟ್ಟಾನ. ಸೂಟಿ ದಿನಾನೂ ಹೇಳ್ಯಾನ.

ಮುಂಗೈಮ್ಯಾಲಿನ ಕಿರಿಬೆರಳು ಸಡಿಲ ಆತು. ಅದರ ಬಾಜೂದ್ದು ಸಡಿಲ ಆತು. ನಡುವಿಂದು... ತೋರಬೆರಳು... ಹೆಬ್ಬೆರಳು. ನವಾಜ ಅಂಬೆಗಾಲಿಲೇ ಮೆಟ್ಟಲ ಹತ್ತಿ ಬಂದು ಹೊಲದಾಗ ಬಿದ್ದ. ಕೈಯಾಗ ಕತ್ತಿ ಇರ್ಲಿಲ್ಲ. ನನ್ನ ನಾಕು ಕತ್ತಿ ಚೀಲದಾಗ ಸುರಕ್ಷಿತ ಇದ್ದು, ಎಲ್ಲಾ ಬಿಗಿ.

ಬೆಳಿಗ್ಗೆ ಅಂಗಡಿ ತೆಗಿಯೂದ್ರಾಗ ಬಂದ. ಮುಂಗೈ ಸುತ್ತ ಕಂದು ಗೆರಿ ಎದ್ದಿದ್ದು. ಇಷ್ಟೂ ಹೇಳಿದ. ಹೇಳಿ ನಗತಾನ ಮತ್ತ. ಜೀವ ಉಳದ ಖುಷಿ ನೋಡ್ರಿ.

"ಕಲ್ಲ್ಯಾ, ನಿನ್ನ ಹೆಸರು ನನ್ನ ಉಳಿಸ್ತಲೇ!"

ನಾ ಒಬ್ಬರ ಗಲ್ಲಕ್ಕ ಸಾಬೂನು ಹಚ್ಚಿ ಕತ್ತಿ ಎತ್ತಿದ್ದೆ. ಕೈ ಅಲ್ಲೇ ನಿಂತಿತು.

"ಅದು ಏನಂತಲೇ? ಹೆಸರು ಏನಂತ ಕರೀತು?"

"ಕಲ್ಲಣ್ಣ ಅಂತು. ನಿನ್ನ ಹಂಗ ಯಾರು ಕರೀತಾರಲೇ?"

ನೀವ ಹೇಳ್ರಿ, ಈ ಊರಾಗ ನನ್ನ ಯಾರರ ಕಲ್ಲಣ್ಣ ಅಂತೀರೇನು? ಕಲ್ಲೇಶ ಅಂತೀರಿ, ಕಲ್ಲ್ಯಾ ಅಂತೀರಿ, ಬೆನ್ನ ಹಿಂದ ಮತ್ತೇನೋ ಅಂತೀರಿ. ಕಲ್ಲಣ್ಣ ಅಂತ ಕರದದ್ದು ಒಬ್ಬನ. ನಾ ನವಾಜನ ಕೊರಳಪಟ್ಟಿ ಹಿಡದು ಅಂಗಡಿ ಹೊರಗ ನೂಕಿದೆ. ಮತ್ತ ಈ ಕಟ್ಟಿ ಹತ್ತಬ್ಯಾಡ ಅಂದೆ. ಏನು ತಪ್ಪು ಮಾಡಿದೆ ಅಂತ ಅಂವಗ ಇವತ್ತಿಗೂ ಗೊತ್ತಿಲ್ಲ. ಕುರ್ಚಿಮ್ಯಾಲಿನವರ ಗಲ್ಲದಮ್ಯಾಲ ಸಾಬೂನು ಆರಿ ಹೋಗಿತ್ತು.

ನೀರು ಕೊಡ್ರಿ ಸ್ವಲ್ಪ.

ನಮ್ಮ ಕಾಕಾನ ಮಗ ಗೌತಮ ಅಂತ ಇದ್ದ. ಕಲಾದಗಿಯಾಗ ಇರತಿದ್ರು ಅವರು. ಬ್ಯಾಸಗಿ ಸೂಟಿಗೆ ಅವ್ವನ ಜೋಡಿ ನಮ್ಮಲ್ಲಿಗೆ ಬಂದಿದ್ದ. ನನಗ ಹದಿನಾಲ್ಕು, ಅಂವಗ ಹನ್ನೊಂದು. ಆ ಬಾವಿ ನಮ್ಮ ಅಜ್ಜನ ಹೊಲದ ಬಾಜೂಕ. ಅಂವ ಬಾವ್ಯಾಗ ಬಿದ್ದು ತೀರಿಕೊಂಡ ಅಂತ ನಿಮ್ಮೊಳಗ ಹಿರ್ಯಾರಿಗೆ ನೆನಪಿರಬೇಕು. ಒಬ್ಬನ ಹೋಗಿದ್ದ, ಕಾಲು ಜಾರಿತ್ತು ಅಂತ ಊರೆಲ್ಲಾ ಹೇಳ್ತಾರ.

ಒಬ್ಬನ ಹೋಗಿರ್ಲಿಲ್ಲ. ಈಜಾಕ ಕಲಸ್ತೇನಿ ಬಾ ಅಂತ ನಾನ ಕರಕೊಂಡು ಹೋಗಿದ್ದೆ. ನನಗ ಸೈತ ಈಜು ಅಷ್ಟಕ್ಕಷ್ಟ. ಅಂವ ಜಾರಿದ. ನಾ ಮೆಟ್ಟಲಮ್ಯಾಲ ಬೋರಲು ಬಿದ್ದು ಅಂವನ ಕೈ ಹಿಡದೆ. ಹಿಡದಿದ್ದೆ, ಖರೆ ಹೇಳ್ತೇನಿ, ಹಿಡದಿದ್ದೆ. "ಕಲ್ಲಣ್ಣ, ಹಿಡಿ... ಬಿಗಿ ಹಿಡಿ" ಅಂದ. ನನ್ನ ಎದಿ ಕಲ್ಲಿನಮ್ಯಾಲಿಂದ ಸರ್ರ್ ಅಂತ ಸರೀತು. ನಾನೂ ಹೋಗ್ತೇನಿ ಅನಸ್ತು. ಬಿಟ್ಟೆ. ಜಾರಿ ಹೋಗ್ಲಿಲ್ಲ ಅಂವ, ನಾ ಬೆರಳು ಬಿಚ್ಚಿದೆ.

ಮನಿಗೆ ಬಂದು ಉಂಡು ಮಲಗಿದೆ. ಸಂಜಿಮುಂದ ಅಂವನ ಅವ್ವ, ನಮ್ಮ ಚಿಗವ್ವ ರೋಹಿಣಿ "ಗೌತಮನ್ನ ಕಂಡ್ಯೇನೋ?" ಅಂತ ಕೇಳಿದಳು. ಇಲ್ಲ ಅಂದೆ. ಮೂವತ್ತೆರಡು ವರ್ಷ ಅದನ್ನ ಅಂದೇನಿ. ನನ್ನ ಹೇಣ್ತಿ ಜಯಶ್ರೀಗೂ ಹೇಳಿಲ್ಲ. 'ಬಿಗಿ ಹಿಡಿ' ಅನ್ನೋ ಆ ಮಾತು ಕೇಳಿದಾವು ಎರಡ ಕಿವಿ, ಅವು ನನ್ನವು. ನವಾಜಗ ಅದು ಹೆಂಗ ಗೊತ್ತಾಗಬೇಕ್ರಿ?

ಅವತ್ತಿಂದ ಗಿರಾಕಿ "ಕತ್ತಿ ಬಿಗಿ ಹಿಡಿ ಕಲ್ಲೇಶ" ಅಂದ್ರ ಬೆವರತೇನಿ. ಬಾಗಿಲ ಹಾಕಿದ್ರ ಅಂಜಿಕಿ, ತೆಗದ್ರ ಇನ್ನೂ ಅಂಜಿಕಿ, ವಿಳಾಸ ಅದರ ಹತ್ರ ಐತಲ್ಲ. ನವಾಜ ಬಿಡಿಸ್ಕೊಂಡ, ನಾ ಸಿಕ್ಕೊಂಡೆ. ಊರು ಬಿಟ್ಟು ಇಳಕಲ್ಲಿಗೆ ಹೋಗೋಣಂದ್ರ ಹೇಣ್ತಿ ಯಾಕ ಅಂತಾಳ. ಏನಂತ ಹೇಳಲಿ?

ಕಡೀಕ ಮೊನ್ನೆ ಮಂಗಳವಾರ ನಾನ ಹೋದೆ. ಹಾಡಾಹಗಲ. ಮೆಟ್ಟಲ ಇಳದೆ, ಹದಿನೇಳು. ನೀರು ಮುಟ್ಟೋ ಕಡಿ ಬೋರಲು ಮಲಗಿದೆ, ಅವತ್ತಿನಂಗ. ಕೈ ಮುಂಗೈತನಾ ನೀರಾಗ ಇಟ್ಟೆ.

"ಗೌತಮಾ, ನಾ ಬಂದೇನಿ. ಹಿಡಿ."

ಏನೂ ಇಲ್ಲ. ಒಂದು ಕಪ್ಪಿ ಬುಳಕ್ ಅಂತು.

"ಹಿಡಿಯೋ. ಈ ಸಲ ಬಿಡಂಗಿಲ್ಲ."

ಸಂಜಿತನಾ ಮಲಗಿದ್ದೆ. ಕೈ ಮರಗಟ್ಟಿತು. ಅತ್ತೆ, ಹೇಳಾಕ ನನಗೇನೂ ನಾಚಿಕಿ ಇಲ್ಲ, ಕೂಸಿನಂಗ ಅತ್ತೆ. ತಪ್ಪಾತು ಅಂದೆ. ಚಿಗವ್ವನ ಕಾಲಿಗೆ ಬಿದ್ದು ಹೇಳ್ತೇನಿ ಅಂದೆ. ಯಾರೂ ಕೈ ಹಿಡೀಲಿಲ್ಲ. ಕತ್ತಲಾಗೂದ್ರೊಳಗ ಎದ್ದು ಮ್ಯಾಲ ಬಂದೆ. ಹಿಂದ ಹೊಳ್ಳಿ ನೋಡ್ಲಿಲ್ಲ.

ರಾಮಥಾಳದಿಂದ ಕಡೀ ಬಸ್ಸು ಸಿಕ್ತು. ಬಸ್ಸಿನ್ಯಾಗ ನಾಕೈದ ಮಂದಿ. ನಾ ಕಿಟಕಿ ಕಡಿ ಕೂತೆ, ಬಾಜೂಕ ಯಾರೂ ಇಲ್ಲ. ಕಂಡಕ್ಟರ್ ಬಂದ. ಹೊಸಾ ಹುಡುಗ, ನನಗ ಗುರುತಿಲ್ಲ. "ಹುನಗುಂದ" ಅಂದು ನೋಟು ಚಾಚಿದೆ ಅಷ್ಟ, ಮಾರಿ ಕಿಟಕಿ ಕಡಿ ಮಾಡಿ. ಅತ್ತು ಕೆಂಪಾದ ಕಣ್ಣು ಅಂವಗ ಕಾಣಬಾರದಲ್ಲ. ಕಿರ್ರ್... ಅಂತ ಮಿಷನ್ ಸಪ್ಪಳ ಆತು. ಟಿಕೆಟ್, ಚಿಲ್ಲರ ಕೈಯಾಗ ಇಟ್ಟು ಮುಂದ ಹೋದ.

ಸ್ಟ್ಯಾಂಡಿನ್ಯಾಗ ಇಳದು ಲೈಟಿನ ಕೆಳಗ ಟಿಕೆಟ್ ನೋಡಿದೆ. ಕೈಲೇ ಬರದದ್ದಲ್ಲ, ಮಿಷನ್‌ನಾಗ ಬಂದದ್ದು. ಹುಟ್ಟಿಸಿ ಹೇಳಾಕ ನನಗೇನೂ ಬಂದಿಲ್ಲ, ಯಾರಿಗೂ ಹೇಳದಿದ್ದ ಮಾತು ನಿಮ್ಮ ಮುಂದ ಹೇಳೇನಿ. ಇದ ನೋಡ್ರಿ, ಅಂಗಿ ಕಿಸೆದಾಗ ಐತಿ. ಯಾರಿಗೆ ಬೇಕೋ ಅವರು ಓದ್ಕೋರಿ. ರಾಮಥಾಳದಿಂದ ಹುನಗುಂದ. ದೊಡ್ಡವರು ಒಂದು, ಅರ್ಧ ಟಿಕೆಟ್ ಒಂದು.